ಅಪ್ಪನ ಎದೆಬಡಿತ ಸೊನ್ನೆ

ಅಪ್ಪನ ವಾಚು ನಿಂತದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸುರಪುರದ ಟೇಲರ್ ಮಂಜಿಲ್‌ಗೆ ಹತ್ತುವ ಏರಿನಲ್ಲಿ. ಮೆಡೋಸ್ ಟೇಲರ್ ಸಾಹೇಬ ಕಟ್ಟಿಸಿದ ಆ ಬಂಗಲೆ ಮುಟ್ಟಿ ಬರುವುದು ಅಪ್ಪನ ನಿತ್ಯದ ವಾಕಿಂಗ್. ಅವತ್ತು ಅರ್ಧಕ್ಕೇ ತಿರುಗಿ ಬಂದು ಶಹಾಪುರದಲ್ಲಿದ್ದ ನನಗೆ ಫೋನ್ ಮಾಡಿದ. ‘ವಾಚ್ ಬಂದ್ ಆತಪ. ಇನ್ನ ನಾ ಹೆಂಗ ನಡೀಲಿ?’

ಟೈಮ್ ನೋಡುವ ವಾಚಾಗಿದ್ದರೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಇದು ಎದೆಬಡಿತ ತೋರಿಸುವ ವಾಚು. ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ‘ದಿನಾ ನಡೀರಿ, ಆದ್ರ 110 ದಾಟಬ್ಯಾಡ್ರಿ’ ಅಂದಿದ್ದರು. ಪುಣೆಯಲ್ಲಿರುವ ತಮ್ಮ ತಾನು ಓಡಲು ಬಳಸುತ್ತಿದ್ದ ಹಳೆಯ ವಾಚನ್ನು ತಂದುಕೊಟ್ಟ. ಎದೆಗೊಂದು ಪಟ್ಟಿ, ಕೈಗೊಂದು ವಾಚು. ಅಪ್ಪ ಗಣಿತದ ಮಾಸ್ತರ. ದಿನಾ ಏರು ಹತ್ತುವ ಮೊದಲು, ಹತ್ತಿದ ಮೇಲೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. 78, 104. 76, 101. ಎರಡು ನೋಟ್‌ಬುಕ್ ತುಂಬಿದ್ದವು.

ಶಹಾಪುರದ ವಾಚ್ ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟ. ‘ಬಿಚ್ಚಿದ್ರ ಮುಂದ ನೀರ್ ಹೋಗ್ತದ ಸರ. ಗ್ಯಾರಂಟಿ ಇಲ್ರಿ.’ ಆಫೀಸಿನ ಕೆಲಸಕ್ಕೆ ಯಾದಗಿರಿಗೆ ಹೋದಾಗ ಅಲ್ಲಿ ಕೇಳಿದೆ. ಹೈದರಾಬಾದಿಗೆ ಕಳಿಸಬೇಕು, ಹದಿನೈದು ದಿನ ಅಂದರು. ಹದಿನೈದು ದಿನ ಅಪ್ಪ ಮನೆಯಲ್ಲೇ ಕೂಡುತ್ತಾನೆ, ನಡೆಯುವುದಿಲ್ಲ ಅಂತ ಗೊತ್ತಿತ್ತು. ಅದೇ ಅಂಗಡಿಯಲ್ಲಿ ಒಂದು ಸೆಲ್ಲು, ಸಣ್ಣ ಸ್ಕ್ರೂಡ್ರೈವರ್ ಕೊಂಡುಕೊಂಡು ಬಸ್ಸು ಹತ್ತಿದೆ.

ಸೆಲ್ಲಿನ ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ. ಅದೇನು ಗುಪ್ತಭಾಷೆ ಅಲ್ಲ. ಅಗಲ 20 ಮಿಲಿಮೀಟರ್, ದಪ್ಪ 3.2. ಅಪ್ಪನಿಗೆ ಹೇಳಿದೆ, ಖುಷಿಯಾದ. ಲೆಕ್ಕ ಇದ್ದರೆ ಅವನಿಗೆ ಧೈರ್ಯ.

ರಾತ್ರಿ ಊಟವಾದ ಮೇಲೆ ಬಿಳಿ ಟವೆಲ್ ಹಾಸಿ ಕೂತೆವು. ಹಿಂದಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಒಂದೊಂದು ಜೀರಿಗೆಯಷ್ಟು. ಮೂರು ಬಂದವು. ನಾಲ್ಕನೆಯದು ಜಿಗಿದು ಎಲ್ಲೋ ಹೋಯಿತು. ಮರುದಿನ ಕಸ ಹೊಡೆದ ಅವ್ವನಿಗೂ ಸಿಗಲಿಲ್ಲ. ಮುಚ್ಚಳ ತೆಗೆದರೆ ಸುತ್ತ ಒಂದು ರಬ್ಬರ್ ಉಂಗುರ. ನೀರು ತಡೆಯುವುದು ಅದೇ. ಅದು ಹಿಸುಕದ ಹಾಗೆ, ತಿರುಚದ ಹಾಗೆ ಮತ್ತೆ ಅದೇ ಗಾಡಿಯಲ್ಲಿ ಕೂಡಿಸಬೇಕು. ಪಕ್ಕದಲ್ಲಿ ಕೂದಲೆಳೆಯಂಥ ಸ್ಪ್ರಿಂಗು, ಬೀಪ್ ಸದ್ದಿಗೆ. ನಾನು ಉಸಿರು ಬಿಗಿಹಿಡಿದಿದ್ದೆ. ಸೀನು ಬಂದಿದ್ದರೆ ಕಥೆ ಮುಗೀತಿತ್ತು. ಹಳೆ ಸೆಲ್ಲು ತೆಗೆದು ಮೊದಲು ಕಪಾಟಿನ ಮೇಲೆ ಇಟ್ಟೆ. ಮನೆಯಲ್ಲಿ ಎರಡು ವರ್ಷದ ಕೂಸಿದೆ, ನುಂಗಿದರೆ ಒಳಗಿನ ನಾಳವನ್ನೇ ಸುಡುತ್ತದೆ. ಹೊಸದು ಹಾಕಿದೆ. ಪರದೆ ಖಾಲಿ! ಆಮೇಲೆ ಕಂಡಿತು, ಒಳಗೆ ‘ಎಸಿ’ ಅಂತ ಬರೆದ ಚುಕ್ಕೆ. ಅದನ್ನೂ ಸೆಲ್ಲಿನ ಮೇಲ್ಭಾಗವನ್ನೂ ಚಿಮಟಿಗೆಯಿಂದ ಎರಡು ಸೆಕೆಂಡು ಕೂಡಿಸಿ ಮುಟ್ಟಿಸಿದೆ. ಅಂಕಿಗಳು ಜಿಗಿದು ಬಂದವು.

ಅಪ್ಪ ಪಟ್ಟಿಗೆ ನೀರು ಹಚ್ಚಿ ಎದೆಗೆ ಕಟ್ಟಿಕೊಂಡ. ವಾಚು ತೋರಿಸಿದ್ದು 00.

‘ಸತ್ತೀನೇನೋ?’ ಅಂದ. ಅವ್ವ ‘ಬಿಡ್ತು ಅನ್ರಿ’ ಅಂತ ಬೈದಳು. ಮೂವರೂ ನಕ್ಕೆವು, ಆದರೆ ನನ್ನ ಕೈ ತಣ್ಣಗಾಗಿತ್ತು. ಆಮೇಲೆ ಹೊಳೆಯಿತು: ಬಡಿತ ಹಿಡಿಯುವುದು ವಾಚಲ್ಲ, ಪಟ್ಟಿ. ಅದಕ್ಕೂ ಬೇರೆ ಸೆಲ್ಲಿದೆ, ಅದೂ ಸತ್ತಿದೆ. ನಾನು ತಂದದ್ದು ಒಂದೇ. ರಾತ್ರಿ ಹತ್ತಕ್ಕೆ ಸುರಪುರದಲ್ಲಿ ಯಾವ ಅಂಗಡಿ?

‘ಹಳೇ ಪದ್ಧತಿ ಮಾಡೂಣು’ ಅಂತ ಅಪ್ಪ ಟ್ರಂಕಿನಿಂದ ತನ್ನ ಎಚ್‌ಎಂಟಿ ತೆಗೆದು ಕೀಲಿ ಕೊಟ್ಟ. ಸೆಲ್ಲಿನ ಹಂಗಿಲ್ಲದ ವಾಚು, ಸೆಕೆಂಡು ಮುಳ್ಳು ಟಕಟಕ ಓಡಿತು. ನಾನು ಅವನ ಮಣಿಕಟ್ಟಿಗೆ ಎರಡು ಬೆರಳಿಟ್ಟೆ. ಅಪ್ಪನ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ. ಹದಿನೈದು ಸೆಕೆಂಡಿಗೆ 23. ನಾಲ್ಕರಿಂದ ಗುಣಿಸಿದರೆ 92. ‘ಕೂತಲ್ಲೇ ಅಷ್ಟ್ಯಾಕ? ಮತ್ತೊಮ್ಮೆ ಎಣಸು.’ 19 ಬಂತು, ಅಂದರೆ 76. ಮೂರನೇ ಸಲ 25. ಒಂದೇ ಲೆಕ್ಕಕ್ಕೆ ಮೂರು ಉತ್ತರ! ಮಾಸ್ತರರಿಗೆ ಸಿಟ್ಟು ಬಂತು. ‘ನಿನಗ ಎಣಸಾಕ ಬರಂಗಿಲ್ಲ’ ಅಂತ ತಾನೇ ಬೆರಳಿಟ್ಟುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಇಲ್ಲಪ. ಇದು ಒಂದ್ ಹದದಾಗ ಇಲ್ಲ.’

ಎರಡು ಬಡಿತ ಬೇಗ ಬೇಗ, ಆಮೇಲೆ ಒಂದು ತಡ, ಮತ್ತೆ ಮೂರು ಓಡಿ ಬಂದ ಹಾಗೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೊರಟೆವು. ಇಸಿಜಿಯಲ್ಲಿ ಬಂದದ್ದು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ತಾಳ ಬಿಟ್ಟು ಅದುರುವುದು. ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟಿದರೆ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು ಅಂದರು. ರಕ್ತ ತೆಳುವಾಗಿಸುವ ಗುಳಿಗೆ ಶುರುವಾಯಿತು. ನೋಟ್‌ಬುಕ್ ತೋರಿಸಿದೆವು. ಇಂಥ ವಾಚು ಹಲವು ಬಡಿತದ ಸರಾಸರಿ ತೆಗೆದು ಒಂದು ಅಂಕಿ ತೋರಿಸುತ್ತದಂತೆ. ತಾಳ ತಪ್ಪಿದ್ದು ಅದರಲ್ಲಿ ಅಡಗಿಬಿಡುತ್ತದೆ. ಕೈಯಲ್ಲಿ ಎಣಿಸುವಾಗ ಇನ್ನು ಹದಿನೈದು ಸೆಕೆಂಡಿನ ಲೆಕ್ಕ ಬೇಡ, ಪೂರ್ತಿ ಒಂದು ನಿಮಿಷ ಎಣಿಸಿ ಅಂದರು ಡಾಕ್ಟರು. ಆ ನೋಟ್‌ಬುಕ್ಕುಗಳಲ್ಲಿ ಇದು ಯಾವತ್ತಿನಿಂದ ಇತ್ತೋ, ಈಗಲೂ ಆಗಾಗ ತೆಗೆದು ನೋಡುತ್ತೇನೆ. ಎಷ್ಟು ಅಚ್ಚುಕಟ್ಟಾದ ಅಂಕಿಗಳು.

ಬರುವಾಗ ಕಲಬುರಗಿಯಲ್ಲೇ ಮತ್ತೊಂದು ಸೆಲ್ಲು ತಗೊಂಡೆವು. ಪಟ್ಟಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ನಾಣ್ಯ ಇಟ್ಟು ತಿರುಗಿಸಿದರೆ ಸಾಕು. ಬಸ್ಸಿನಲ್ಲಿ, ಜೇವರ್ಗಿ ದಾಟಿದ ಮೇಲೆ, ಅಪ್ಪ ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದ.

‘ತಾ ಇಲ್ಲಿ. ಈ ಸರ್ತಿ ನಾ ಬಿಚ್ತೀನಿ.’