ಮುಗಿಲಲ್ಲಿ ಸುರಿದು ನೆಲ ಮುಟ್ಟದ ಮಳೆ

ಗಂಗಾವತಿಯಿಂದ ಕುಷ್ಟಗಿಯತ್ತ ಬಸ್ಸು ಹೊರಟರೆ ಭತ್ತದ ಗದ್ದೆಗಳ ಹಸಿರು ಬಲು ಬೇಗ ಹಿಂದೆ ಸರಿಯುತ್ತದೆ. ತುಂಗಭದ್ರೆಯ ಎಡದಂಡೆ ನಾಲೆ ಮುಟ್ಟದ ಮಸಾರಿ ನೆಲ, ಸಜ್ಜೆಯ ಹೊಲ, ಬೋಳು ಗುಡ್ಡಗಳು ಎದುರಾಗುತ್ತವೆ. ಯಲಬುರ್ಗಾದ ಎರೆ ಹೊಲಗಳಿಗೂ ಮುಗಿಲೇ ದಿಕ್ಕು. ಪಶ್ಚಿಮ ಘಟ್ಟಗಳು ಮುಂಗಾರಿನ ನೀರನ್ನು ಬಹುಪಾಲು ತಾವೇ ಇಳಿಸಿಕೊಂಡು, ಉಳಿದ ಗಾಳಿಯನ್ನು ಈ ಕಡೆ ಕಳಿಸುತ್ತವೆ.

ಇಲ್ಲಿ ಒಂದು ನೋಟ ಎಲ್ಲರಿಗೂ ಪರಿಚಿತ. ಮೋಡದ ಹೊಟ್ಟೆಯಿಂದ ಬೂದು ಎಳೆಗಳು ಜೋತು ಬೀಳುತ್ತವೆ. ನೆಲ ಮಾತ್ರ ನೆನೆಯುವುದಿಲ್ಲ. ಸಣ್ಣ ಹನಿಗಳು ಒಣಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗಿರುತ್ತವೆ. ಮುಗಿಲು ನಂಬಿ ಕೂರಿಗೆ ಹೂಡಿದವನ ಬೀಜ, ಗೊಬ್ಬರ, ಸಾಲ ಎಲ್ಲವೂ ಆ ಎಳೆಗಳಲ್ಲೇ ತೂಗುತ್ತಿರುತ್ತವೆ.

2017ರಲ್ಲಿ ರಾಜ್ಯ ಸರ್ಕಾರ ಮೋಡ ಬಿತ್ತನೆಗೆ ಕೈ ಹಾಕಿದಾಗ ಬೆಂಗಳೂರು, ಗದಗ, ಸುರಪುರಗಳನ್ನು ರಾಡಾರ್‌ಗಳಿಗೆ ಆರಿಸಿತ್ತು. ಸುತ್ತ ತಿರುಗುತ್ತ ಹವಾಮಾನ ನೋಡುವ ರಾಡಾರ್‌ಗೆ ಒಂದು ತೊಡಕುಂಟು. ಒಂದು ಡಿಗ್ರಿ ಮೇಲೆತ್ತಿ ಬಿಟ್ಟ ಕಿರಣ 80 ಕಿ.ಮೀ. ದೂರದಲ್ಲಿ ನೆಲದಿಂದ ಸುಮಾರು 1.8 ಕಿ.ಮೀ. ಮೇಲಿರುತ್ತದೆ; ಭೂಮಿ ದುಂಡಗಿದೆಯಲ್ಲ! ಅಲ್ಲಿ ಕಂಡ ಮಳೆ ಕೆಳಗಿಳಿಯಿತೋ ಇಲ್ಲವೋ ಅದಕ್ಕೆ ಗೊತ್ತಾಗದು.

ನೆಟ್ಟಗೆ ಮೇಲಕ್ಕೇ ಮುಖ ಮಾಡಿದ ರಾಡಾರ್‌ನ ಗುಣ ಬೇರೆ. ಅದಕ್ಕೆ ಕಾಣುವುದು ನೆತ್ತಿಯ ಮೇಲಿನ ಕಂಬದಷ್ಟು ಆಕಾಶ; ಆದರೆ ಅಂತಸ್ತು ಅಂತಸ್ತಾಗಿ ಕಾಣುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳೆಯನ್ನು ಕೀರಲಾಗಿಸುವ ಡಾಪ್ಲರ್ ಪರಿಣಾಮವೇ ಇಲ್ಲಿ ಹನಿ ಬೀಳುವ ವೇಗ ಹೇಳುತ್ತದೆ. ನಿಶ್ಚಲ ಗಾಳಿಯಲ್ಲಿ 1 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 4 ಮೀಟರ್, 5 ಮಿ.ಮೀ. ಹನಿ 9 ಮೀಟರ್, ಹಿಮದ ಚಕ್ಕೆ 1ರಿಂದ 2 ಮೀಟರ್ ಇಳಿಯುತ್ತದೆ. ಹಿಮವೆಂದರೆ ನಗಬೇಕಿಲ್ಲ. ಬಿಸಿಲ ನಾಡಿನ ಮೇಲೂ ಸುಮಾರು 5 ಕಿ.ಮೀ. ಎತ್ತರದಲ್ಲಿ ಅದು ಕರಗುತ್ತಿರುತ್ತದೆ. ಜಿಟಿಜಿಟಿ ಮಳೆಯಲ್ಲಿ ನೀರು ಸವರಿದ ಆ ಚಕ್ಕೆಗಳು ಅಲೆಗಳನ್ನು ಜೋರಾಗಿ ಹಿಂತಿರುಗಿಸುವುದರಿಂದ, ರಾಡಾರ್ ಚಿತ್ರದಲ್ಲಿ ಹೊಳೆಯುವ ಪಟ್ಟಿಯೊಂದು ಮೂಡುತ್ತದೆ. ಪಟ್ಟಿಯ ಕೆಳಗೆ ಪ್ರತಿಫಲನ ಕ್ಷೀಣಿಸುತ್ತ ನೆಲದ ಸಮೀಪ ಮಾಯವಾದರೆ, ಮಳೆ ಎಲ್ಲಿ ಆವಿಯಾಯಿತೆಂದು ಬೆರಳಿಟ್ಟು ತೋರಿಸಬಹುದು.

ತಿಮ್ಮಪ್ಪನ ದರ್ಶನಕ್ಕೆ ಕೊಪ್ಪಳ ಸೀಮೆಯಿಂದ ಹೋಗುವವರಿಗೆ ಕೊರತೆಯಿಲ್ಲ. ತಿರುಪತಿಯ ಸಮೀಪವೇ ಗಾದಂಕಿ ಎಂಬ ಹಳ್ಳಿಯಲ್ಲಿ 1024 ಆಂಟೆನಾಗಳು ಸಾಲಾಗಿ ಮುಗಿಲಿಗೆ ಮುಖ ಮಾಡಿ ನಿಂತಿರುವುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! 1990ರ ದಶಕದಲ್ಲಿ ಕೆಲಸ ಆರಂಭಿಸಿದ ಈ ರಾಡಾರ್ ಮುಖ್ಯವಾಗಿ ಮೇಲಿನ ಗಾಳಿಯ ಚಲನೆಯನ್ನು ಅಳೆಯುತ್ತದೆ. ಮಳೆಮೋಡಗಳೊಳಗಿನ ಏರಿಳಿತವೂ ಇಂಥ ರಾಡಾರ್‌ನ ಕಣ್ಣಿಗೆ ಬೀಳುತ್ತದೆ.

ಕುಷ್ಟಗಿಯ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ಮುಗಿಲಲ್ಲಿ ಎಳೆ ಜೋತುಬಿದ್ದ ದಿನಗಳನ್ನೂ ಡಬ್ಬಿಗೆ ಬಿದ್ದ ಮಿಲಿಮೀಟರ್‌ಗಳನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಡಬಹುದು.