ಮೂರು ಗೋತ್ರದ ಕುದುರೆ

ನಮ್ಮ ತುಮಕೂರು ಸೀಮೆಯಲ್ಲಿ ಜಾತಕ ನೋಡದೆ ಮದುವೆಯಾದ ಮನುಷ್ಯರು ಬೇಕಾದಷ್ಟು ಸಿಗುತ್ತಾರೆ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮಾತ್ರ ಆ ಮಾತೇ ಇಲ್ಲ. ಟಿಪ್ಪುವಿನ ದಂಡಿಗೆ ಕುದುರೆ ಒದಗಿಸಿದ ಜಾಗ ಆಮೇಲೆ ರೇಸಿನ ಥರೋಬ್ರೆಡ್ ತಳಿಗೆ ಹೆಸರಾಯಿತು. ಜಗತ್ತಿನ ಯಾವ ಥರೋಬ್ರೆಡ್ಡನ್ನೇ ಹಿಡಿಯಿರಿ, ತಂದೆ, ತಾತ, ಮುತ್ತಾತ ಎಂದು ಎಣಿಸುತ್ತಾ ಹೋದರೆ ಇಂಗ್ಲೆಂಡಿಗೆ ತಂದ ಮೂರು ಗಂಡು ಕುದುರೆಗಳಲ್ಲಿ ಒಂದರ ಬಳಿ ನಿಲ್ಲುತ್ತೀರಿ. ಮೂರೇ ಗೋತ್ರ! ಮಡಿಯೂ ಅಷ್ಟೇ ಬಿಗಿ. ಹಳ್ಳಿಯ ಹಸುವಿಗೆ ನಾವು ಧಾರಾಳವಾಗಿ ಮಾಡಿಸುವ ಗರ್ಭಧಾರಣೆಯ ಇಂಜೆಕ್ಷನ್‌ನಿಂದ ಹುಟ್ಟಿದ ಮರಿಗೆ ಅವರ ವಂಶಾವಳಿ ಪುಸ್ತಕದಲ್ಲಿ ಜಾಗವಿಲ್ಲ.

ಇಂಥ ಮಡಿವಂತರ ಕಾಲದಲ್ಲೇ, 2024ರ ಕೊನೆಯಲ್ಲಿ, ಅರ್ಜೆಂಟೀನಾದಲ್ಲಿ ಐದು ಕುದುರೆಮರಿಗಳು ಹುಟ್ಟಿದವು. ಪೋಲೊ ಪುರೆಜಾ ಎಂಬ ಹೆಸರಾಂತ ಹೆಣ್ಣು ಕುದುರೆಯ ತದ್ರೂಪುಗಳು; ಆದರೆ ಮಯೋಸ್ಟಾಟಿನ್ ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ತಿದ್ದಿದ್ದರು. ಸ್ನಾಯುವಿಗೆ 'ಬೆಳೆದದ್ದು ಸಾಕು' ಎಂದು ಗದರುವ ಪ್ರೋಟೀನು ಅದು. ಈ ಕತ್ತರಿ ಕೆಲಸ ಹೊಸದೇನಲ್ಲ. 1996ರಲ್ಲೇ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಚಂದ್ರಸೇಗರನ್ ಅವರ ತಂಡ ಡಿಎನ್‌ಎಯ ಗುರುತು ಹಿಡಿಯುವ ಪ್ರೋಟೀನಾದ ಝಿಂಕ್ ಫಿಂಗರ್‌ಗೆ ಬ್ಯಾಕ್ಟೀರಿಯಾದ ಕತ್ತರಿಸುವ ಕಿಣ್ವವನ್ನು ಅಂಟಿಸಿತ್ತು. ಅದರಲ್ಲಿ ಪ್ರತಿ ಗುರಿಗೂ ಪ್ರೋಟೀನನ್ನೇ ಹೊಸದಾಗಿ ಕಟ್ಟಬೇಕಿತ್ತು. 2012ರಲ್ಲಿ ಬಂದ ಕ್ರಿಸ್ಪರ್‌ಗೆ ದಾರಿ ತೋರುವ ಆರ್‌ಎನ್‌ಎ ಬದಲಿಸಿದರೆ ಮುಗಿಯಿತು.

ಆದರೆ ಎಲ್ಲ ಗುಣವೂ ಈ ಕತ್ತರಿಗೆ ಸಿಗುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದವರು. ವೀರಣ್ಣನವರ ಕುದುರೆಗೆ ಬೇಕಾಗಿದ್ದದ್ದು ದೀಪಕ್ಕೂ ಚಪ್ಪಾಳೆಗೂ ಬೆದರದ ಗುಣ. ಅಂಥ ಗುಣ ಒಂದೇ ಜೀನಿನಲ್ಲಿ ಕೂತಿರುವುದಿಲ್ಲವಾದ್ದರಿಂದ ಕತ್ತರಿಗೆ ಸಿಗುವುದೂ ಕಷ್ಟ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು, ಸುಳಿ ನೋಡಿದ ಮೇಲೂ ರೈತ ಒಮ್ಮೆ ನಡೆಸಿ ನೋಡುವುದು ಸುಮ್ಮನೆಯೇ?

ಅರ್ಜೆಂಟೀನಾದ ಪೋಲೊ ಸಂಘವೂ ಆ ಜೀನ್ ತಿದ್ದಿದ ಕುದುರೆಮರಿಗಳಿಗೆ ತನ್ನ ಪಂದ್ಯಗಳ ಬಾಗಿಲು ಮುಚ್ಚಿತು. ಹಾಗಾಗಿ ಕುಣಿಗಲ್ಲಿಗೆ ಈ ವಿದ್ಯೆ ಬಾರದು ಎಂಬುದು ನನ್ನ ಲೆಕ್ಕ. ನಮ್ಮ ಜಿಲ್ಲೆಗೆ ಬಂದರೆ ಶಿರಾ, ಪಾವಗಡದ ಕುರಿ ರೊಪ್ಪಕ್ಕೇ ಬರಬೇಕು. ಕುರಿಯ ಗೋತ್ರ ಕೇಳುವವರಾರು? ಶೇರ್-ಎ-ಕಾಶ್ಮೀರ ಕೃಷಿ ವಿಶ್ವವಿದ್ಯಾಲಯದವರು ಅದೇ ಮಯೋಸ್ಟಾಟಿನ್ ತಿದ್ದಿದ ಕುರಿಮರಿಯನ್ನು ಆಗಲೇ ಹುಟ್ಟಿಸಿದ್ದಾರೆ.

ಇದನ್ನೆಲ್ಲ ಶಿರಾ ಕಡೆಯ ಒಬ್ಬ ಕುರಿಗಾಹಿಗೆ ಹೇಳಿದೆ. ಜೊತೆಗೆ ಬೆಲ್ಜಿಯಂನ ನೀಲಿ ದನದ ಕಥೆಯನ್ನೂ ಸೇರಿಸಿದೆ: ಅದೇ ಜೀನು ತಾನಾಗಿಯೇ ಕೆಟ್ಟು ಮೈತುಂಬ ಮಾಂಸ, ಆದರೆ ಕರು ಹೊರಬರಲು ಬಹುಪಾಲು ಆಪರೇಷನ್ನೇ ಆಗಬೇಕು. ಆತ ಕಂಬಳಿ ಸರಿಮಾಡಿಕೊಂಡು ಕೇಳಿದ, "ಮಾಂಸ ಜಾಸ್ತಿ ಬಂದ್ರೆ ಬ್ಯಾಡ ಅಂತೀನಾ ಸ್ವಾಮಿ? ಮರಿ ಹಾಕೋವಾಗ ಡಾಕ್ಟ್ರು ರೊಪ್ಪಕ್ಕೆ ಬರ್ತಾರಾ, ಅದನ್ನ ಹೇಳಿ."