ಒಂದು ನಿಮಿಷ ನಿಲ್ಲವ್ವ

ಯೆಲ್ಲೋಸ್ಟೋನ್‌ಗೆ ಹೊರಟವರು ಏನೇನು ಕಟ್ಟಿಕೊಳ್ಳಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟೆ: ಸ್ವೆಟರು, ಚಪಾತಿ-ಚಟ್ನಿಪುಡಿ, ಆಮೇಲೆ ಕೈತುಂಬಾ ಸಮಯ. ಅಲ್ಲಿ ಬುಗ್ಗೆಗೂ ಕಾಯಬೇಕು, ಕಾಡೆಮ್ಮೆಗೂ ಕಾಯಬೇಕು, ಪಾರ್ಕಿಂಗಿಗಂತೂ ಕೇಳಲೇಬೇಡಿ. 1872ರಲ್ಲಿ ಶುರುವಾದ, ಪ್ರಪಂಚದ ಮೊದಲ ರಾಷ್ಟ್ರೀಯ ಉದ್ಯಾನ ಅನ್ನುವ ಹೆಸರಿರುವ ಜಾಗ ಅದು. ಸುಮಾರು 9,000 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥ ಹತ್ತು ಕಾಡುಗಳನ್ನು ಒಟ್ಟು ಜೋಡಿಸಿದ ಹಾಗೆ. ಅದರೊಳಗೆ ಎಂಟರ ಆಕಾರದಲ್ಲಿ 142 ಮೈಲಿಯ ಒಂದು ಸುತ್ತುರಸ್ತೆ. ಗಂಟೆಗೆ 45 ಮೈಲಿಗಿಂತ ಜೋರಾಗಿ ಹೋಗುವ ಹಾಗಿಲ್ಲ.

ನಾವು ಹೋಗಿದ್ದು ಆಗಸ್ಟ್‌ನಲ್ಲಿ. ಸ್ಟೇರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ಮೈಸೂರಿನಿಂದ ಬಂದಿದ್ದ ಅಪ್ಪ, ಹಿಂದೆ ನಮ್ಮನೆಯವರು ಮತ್ತು ಏಳು ವರ್ಷದ ಮಗ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಮೈಸೂರು-ಗುಂಡ್ಲುಪೇಟೆ-ಊಟಿ ರೂಟಿನಲ್ಲೇ ಹತ್ತೊಂಬತ್ತು ವರ್ಷ. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವುದೆಂದರೆ ದಿನವಿಡೀ ಲೈಸೆನ್ಸ್ ಪರೀಕ್ಷೆ ಕೊಟ್ಟ ಹಾಗೆ. ಸಾಲ್ಟ್ ಲೇಕ್ ಸಿಟಿಯಿಂದ ಐದು ಗಂಟೆ ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.

ಮೊದಲು ಓಲ್ಡ್ ಫೇತ್‌ಫುಲ್. 1870ರಲ್ಲೇ ಈ ಬುಗ್ಗೆಗೆ ಆ ಹೆಸರಿಟ್ಟಿದ್ದರಂತೆ, ಅಂದರೆ ನಂಬಿಕಸ್ಥ ಮುದುಕ. ಮುಂದಿನ ಸರದಿ ಎಷ್ಟು ಹೊತ್ತಿಗೆ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ, ಹತ್ತು ನಿಮಿಷ ಹಿಂದೆ ಮುಂದೆ. ಅಪ್ಪ ಬೋರ್ಡು ನೋಡಿ, ವಾಚು ನೋಡಿ, “ನಮ್ಮ ಬಸ್ ಸ್ಟ್ಯಾಂಡಿಗಿಂತ ವಾಸಿ ಕಣವ್ವ” ಅಂದರು.

ಲೆಕ್ಕ ಹೇಗೆ ಹಾಕ್ತಾರೆ ಗೊತ್ತಾ? ಹಿಂದಿನ ಸಲ ಎಷ್ಟು ಹೊತ್ತು ಚಿಮ್ಮಿತು ಅನ್ನುವುದರ ಮೇಲೆ. ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದ್ದರೆ ಒಂದು ಗಂಟೆಯ ಆಸುಪಾಸಿನಲ್ಲಿ ಮತ್ತೆ ಬರುತ್ತದೆ, ಜಾಸ್ತಿ ಚಿಮ್ಮಿದ್ದರೆ ಒಂದೂವರೆ ಗಂಟೆ ಬೇಕು. “ಟ್ಯಾಂಕು ಎಷ್ಟು ಖಾಲಿಯಾಯ್ತೋ ತುಂಬೋಕೆ ಅಷ್ಟು ಹೊತ್ತು” ಅಂತ ಅಪ್ಪ ಮೊಮ್ಮಗನಿಗೆ ಬಿಡಿಸಿ ಹೇಳಿದರು. ನೆಲದಡಿಯ ಬೆಂಕಿಗೆ ನೀರು ಕಾಯುತ್ತದೆ. ಆದರೆ ಮೇಲಿನ ನೀರಿನ ಭಾರ, ಇಕ್ಕಟ್ಟಾದ ಕೊಳವೆ. ಹಾಗಾಗಿ ಕಾದರೂ ಕುದಿಯಲಾಗದು, ಕುಕ್ಕರಿನೊಳಗಿನ ಹಾಗೆ. ಮೇಲಿಂದ ಸ್ವಲ್ಪ ಚೆಲ್ಲಿ ಭಾರ ಕಡಿಮೆಯಾಯಿತೋ, ಒಳಗಿದ್ದದ್ದು ಒಮ್ಮೆಲೇ ಆವಿಯಾಗಿ ನುಗ್ಗುತ್ತದೆ. ನಮ್ಮೆದುರು ನುಗ್ಗಿದಾಗ ನೂರಡಿಗೂ ಮೇಲೆ ಹೋಯಿತು. ಗಾಳಿಗೆ ತುಂತುರು ನಮ್ಮ ಕಡೆ ಬಂತು. ಗಂಧಕದ ವಾಸನೆಗೆ ಮಗ ಮೂಗು ಮುಚ್ಚಿಕೊಂಡ, ಅಪ್ಪ ಕೈಮುಗಿದರು.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಕೊಳದ ಬಣ್ಣಗಳ ಬಗ್ಗೆ ಬರೆದು ನಿಮ್ಮ ಹೊಟ್ಟೆ ಉರಿಸುವುದಿಲ್ಲ. ನಡುವಿನ ನೀಲಿಯಲ್ಲಿ ನೀರು ತುಂಬಾ ಬಿಸಿ. ಅಂಚಿನ ಹಳದಿ, ಕಿತ್ತಳೆ ಬಣ್ಣಗಳು ಬಿಸಿನೀರಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. ಹಲಗೆದಾರಿ ಬಿಟ್ಟು ಕಾಲಿಡುವ ಹಾಗಿಲ್ಲ, ಕೆಲವೆಡೆ ನೆಲ ಹಪ್ಪಳದಷ್ಟು ತೆಳು. ಈ ಪಾರ್ಕಿನ ಬಿಸಿನೀರಲ್ಲಿ ಬೆಂದು ಸತ್ತವರೇ ಇಪ್ಪತ್ತಕ್ಕೂ ಹೆಚ್ಚು ಮಂದಿ.

ಸಂಜೆ ಹೇಡನ್ ಕಣಿವೆಗೆ ಬಂದಾಗ ಮುಂದಿನ ಕಾರುಗಳೆಲ್ಲ ನಿಂತಿದ್ದವು. ರಸ್ತೆ ತುಂಬಾ ಬೈಸನ್. ಗಂಡುಗಳು ಬೆದೆಯಲ್ಲಿರುವ ಕಾಲ, ಅವುಗಳ ಗುಟುರು ಕಾರಿನ ಗಾಜಿನೊಳಗೂ ಕೇಳುತ್ತಿತ್ತು. “ನಮ್ಮ ಕಾಟಿಯ ನೆಂಟನೇ. ಚಳಿ ದೇಶ ಅಲ್ವಾ, ಕಂಬಳಿ ಹೊದ್ಕೊಂಡಿದೆ” ಅಂದರು ಅಪ್ಪ. ಒಂದೊಂದು ಗಂಡು 900 ಕಿಲೋ ತೂಗಬಲ್ಲದು, ಆದರೂ ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡಬಲ್ಲದು. 25 ಗಜ ದೂರ ಇರಿ ಅಂತ ಎಲ್ಲೆಲ್ಲೂ ಬೋರ್ಡು ಹಾಕಿದ್ದರೂ ಇಬ್ಬರು ಕಾರಿಳಿದು ಫೋನ್ ಹಿಡಿದು ಹತ್ತಿರಕ್ಕೇ ಹೋಗುತ್ತಿದ್ದರು. ಬೇಟೆಗೆ ಸಿಕ್ಕಿ, 1902ರ ಹೊತ್ತಿಗೆ ಈ ಪಾರ್ಕಿನಲ್ಲಿ ಉಳಿದಿದ್ದದ್ದು ಸುಮಾರು ಎರಡು ಡಜನ್ ಬೈಸನ್ ಮಾತ್ರ. ಈಗ ಸಾವಿರಗಟ್ಟಲೆ ಇವೆ.

“ಇಂಜಿನ್ ಆಫ್ ಮಾಡವ್ವ. ಹಾರ್ನ್ ಮುಟ್ಟಬೇಡ.”

“ತಾತ, ಎಷ್ಟೊತ್ತಾಗುತ್ತೆ?” ಮಗ ಕೇಳಿದ.

“ಇವಕ್ಕೆ ಬೋರ್ಡ್ ಇಲ್ಲ ಕಂದ.”

ಅರ್ಧ ಗಂಟೆ ಕಳೆಯಿತು. ಮಗ ನಿದ್ದೆ ಹೋದ. ಆಗ ಅಪ್ಪ, ಯಾರೂ ಕೇಳದಿದ್ದರೂ, ಮುಂದಿನ ಗಾಜನ್ನೇ ನೋಡುತ್ತಾ ಹೇಳತೊಡಗಿದರು.

“ಊಟಿಯಿಂದ ಕೊನೇ ಟ್ರಿಪ್ಪು. ಗೂಡಲೂರಲ್ಲೇ ಲೇಟಾಗಿತ್ತು, ಜನ ಬೈತಾ ಇದ್ರು. ಕೆಕ್ಕನಹಳ್ಳ ದಾಟಿ ಈಚೆಗೆ ಬಂದ್ಮೇಲೆ ಒಂದು ಜಿಂಕೆ ಅಡ್ಡ ಬಂತು. ಬ್ರೇಕ್ ಹಾಕ್ದೆ. ದಾಟ್ಕೊಂಡು ಹೋಯ್ತು. ಕಂಡಕ್ಟರ್ ರೈಟ್ ಅಂದ. ನಾನೂ ಕ್ಲಚ್ ಬಿಟ್ಟೆ. ಹಿಂದೆ ಮರಿ ಇತ್ತು.”

ನಾನು ಏನೂ ಹೇಳಲಿಲ್ಲ.

“ಸಣ್ಣ ಸದ್ದು ಅಷ್ಟೆ. ಬಸ್ಸಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಕನ್ನಡೀಲಿ ನೋಡಿದ್ರೆ ತಾಯಿ ವಾಪಸ್ ಬಂದು ರಸ್ತೇಲಿ ನಿಂತಿತ್ತು.”

2009ರಲ್ಲಿ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಓಡಾಟ ನಿಲ್ಲಿಸಿದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಕೂಗಾಡಿದ್ದರು. ಮಾಲು ಕೊಳೆತರೆ ಯಾರು ಕೊಡ್ತಾರೆ, ಪ್ರಾಣಿಗೆ ಇರೋ ಬೆಲೆ ಮನುಷ್ಯನಿಗಿಲ್ವಾ? ಅವರ ಸಿಟ್ಟೂ ಸುಳ್ಳಲ್ಲ, ಸುತ್ತು ಹಾಕಿ ಹೋದರೆ ಡೀಸೆಲ್ ದುಡ್ಡು ಅವರ ಜೇಬಿಂದಲೇ ಹೋಗಬೇಕು. ಆಗಲೇ ರಿಟೈರ್ ಆಗಿದ್ದ ಅಪ್ಪನನ್ನು ಎಲ್ಲರೂ ಕೇಳಿದರು, “ನೀವು ಹೇಳಿ ಭಾವ”, “ನೀನು ಹೇಳಣ್ಣ.” ಅಪ್ಪ ಎದ್ದು ಹಿತ್ತಲಿಗೆ ಹೋಗಿ ತೆಂಗಿನಗಿಡಕ್ಕೆ ನೀರು ಬಿಡುತ್ತಾ ನಿಂತರು. ರಾಜಕೀಯ ಬೇಡವೇನೋ ಅಂತ ಅಂದುಕೊಂಡಿದ್ದೆ. ಆವತ್ತಿನ ಉತ್ತರ ಇಷ್ಟು ವರ್ಷ ಆದ ಮೇಲೆ, ಇಷ್ಟು ದೂರ ಬಂದ ಮೇಲೆ, ಈ ಕಾರಿನಲ್ಲಿ ಸಿಕ್ಕಿತ್ತು.

ಕೊನೆಗೂ ದೊಡ್ಡ ಗಂಡೊಂದು ಡಾಂಬರು ದಾಟಿ ಹುಲ್ಲಿಗಿಳಿಯಿತು. ಮುಂದಿನ ಕಾರುಗಳು ಹೊರಟವು. ಹಿಂದಿನವನು ಲೈಟು ಮಿನುಗಿಸಿದ. ನಾನು ಕಾರು ಸ್ಟಾರ್ಟ್ ಮಾಡಿದೆ. ಅಪ್ಪ ನನ್ನ ಮೊಣಕೈ ಮೇಲೆ ಕೈಯಿಟ್ಟರು.

“ಒಂದು ನಿಮಿಷ ನಿಲ್ಲವ್ವ.”

ನಿಂತೆ. ಹಿಂದಿನವನು ಮತ್ತೆ ಲೈಟು ಮಿನುಗಿಸಿದ. ಬಲಗಡೆಯ ದಿಬ್ಬದಿಂದ ಹೆಣ್ಣೊಂದು ಇಳಿದು ಬಂತು, ಅದರ ಹಿಂದೆಯೇ ಈ ವರ್ಷದ ಕರು. ಕೆಂಚು ಹೋಗಿ ಮೈಬಣ್ಣ ಕಪ್ಪಿಗೆ ತಿರುಗುತ್ತಿತ್ತು. ಹಳದಿ ಗೆರೆಯ ಹತ್ತಿರ ಅದು ನಿಂತು ರಸ್ತೆಯನ್ನು ಮೂಸಿತು. ಆಮೇಲೆ ನಾಲ್ಕು ನೆಗೆತಕ್ಕೆ ತಾಯಿಯನ್ನು ಸೇರಿಕೊಂಡಿತು.

ಅಪ್ಪ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು.

“ರೈಟ್” ಅಂದರು.